ಹೆಸರು ಬೇರೆ, ಹಿಟ್ಟು ಒಂದೇ

ಮಗುವನ್ನು ಮೊದಲ ಸಲ ಶಾಲೆಗೆ ಬಿಟ್ಟು ಬಂದ ತಾಯಿಯ ಹೊಟ್ಟೆಯೊಳಗಿನ ಸಂಕಟ ಫೋನ್ ಕಂಪನಿಯವರಿಗೆ ಅರ್ಥವಾಗುವುದಿಲ್ಲ. ಆಗಿದ್ದರೆ ನನ್ನ ಮಾನ ವಿದ್ಯಾನಗರದಲ್ಲಿ ಹೀಗೆ ನೇರಪ್ರಸಾರವಾಗುತ್ತಿರಲಿಲ್ಲ.

ನನ್ನ ಅಕ್ಷರಾ ಸೇರಿದ ಪ್ಲೇಸ್ಕೂಲಿನವರು ಪೋಷಕರಿಗೊಂದು ವರ ಕರುಣಿಸಿದ್ದರು. ತರಗತಿಯಲ್ಲಿ ಕ್ಯಾಮೆರಾ! ಅವರು ಕಳಿಸಿದ ಲಿಂಕ್ ಒತ್ತಿದರೆ ಮಗು ಕೂತಿದ್ದು, ನಿಂತಿದ್ದು, ಮೂಗು ಒರೆಸಿಕೊಂಡಿದ್ದು ಎಲ್ಲದರ ದರ್ಶನಭಾಗ್ಯ. ಆ ಧೈರ್ಯದ ಮೇಲೆಯೇ ನಾನು ಅವಳ ಕೈ ಬಿಟ್ಟು ಮನೆಗೆ ಬಂದದ್ದು. ಬಂದವಳೇ ಲಿಂಕ್ ಒತ್ತಿದೆ. ಬಿಳಿ ಪರದೆ. ನಡುವೆ ಒಂದು ಚಕ್ರ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು.

ಮಗು ಅಳುತ್ತಿದೆ. ಖಂಡಿತ ಅಳುತ್ತಿದೆ. (ನನಗೆ ಹೇಗೆ ಗೊತ್ತೆಂದರೆ, ನಾನು ಅಳುತ್ತಿದ್ದೆ.)

ಶಾಲೆಗೆ ಫೋನ್ ಮಾಡಿದರೆ, "ನಿಮ್ಮ ಫೋನಿನ ಬ್ರೌಸರಲ್ಲಿ ಬರಲ್ಲ ಮೇಡಂ, ಬೇರೆ ಹಾಕ್ಕೊಳ್ಳಿ" ಎಂದರು. ಹಾಕಿಕೊಂಡೆ. ನರಿ ಚಿತ್ರದ್ದೊಂದು, ಸಿಂಹದ್ದೊಂದು, ಬಾತುಕೋಳಿಯದೊಂದು. ತ್ಯಾವರೆಕೊಪ್ಪದ ಅರ್ಧ ಮೃಗಾಲಯ ನನ್ನ ಫೋನಿಗೆ ಬಂತು, ಮಗು ಬರಲಿಲ್ಲ. ಎಲ್ಲದರಲ್ಲೂ ಅದೇ ಬಿಳಿ ಪರದೆ, ಅದೇ ಚಕ್ರ.

ಆಫೀಸಿನಲ್ಲಿದ್ದ ಪತಿದೇವರು ಪ್ರಸನ್ನಕುಮಾರರಿಗೆ ಫೋನ್ ಹಚ್ಚಿದೆ.

"ಅದು ಹಂಗೇ ಮಾರಾಯ್ತಿ. ನಮ್ಮ ಫೋನಲ್ಲಿ ಯಾವ ಬ್ರೌಸರ್ ಹಾಕಿದ್ರೂ ಒಳಗಿನ ಇಂಜಿನ್ ಫೋನ್ ಕಂಪನಿಯವ್ರದ್ದೇ ಇರ್ಬೇಕು ಅಂತ ರೂಲ್ಸು."

"ಮತ್ತೆ ಬೇರೆ ಬೇರೆ ಹೆಸರು ಯಾಕ್ರೀ?"

"ಸೆಟ್ ದೋಸೆ, ಮಸಾಲೆ ದೋಸೆ, ಪೇಪರ್ ದೋಸೆ ಅಂತ ಹೆಸರಿಲ್ವಾ? ಹಿಟ್ಟು ಒಂದೇ. ಹಿಟ್ಟು ಹುಳಿ ಬಂದಿದ್ರೆ ಎಲ್ಲಾ ದೋಸೆನೂ ಹುಳಿ. ಯುರೋಪಲ್ಲಿ ಮಾತ್ರ ಬೇರೆ ಹಿಟ್ಟಿಗೆ ಒಪ್ಪಿದ್ದಾರಂತೆ."

"ಹಾಗಾದ್ರೆ ಮಗುನ ಯುರೋಪಲ್ಲಿ ಸೇರಿಸ್ಬೇಕಿತ್ತಾ?"

"ದುಬಾರಿ ಆದ್ರೂ ಪರ್ವಾಗಿಲ್ಲ, ಇಬ್ಬರಿಗೂ ಇದೇ ಫೋನ್ ಬೇಕು ಅಂದೋಳು ನೀನು" ಎಂದು ಅವರು ಫೋನಿಟ್ಟರು.

ಗತಿಯಿಲ್ಲದೆ ಭದ್ರಾವತಿಯ ಅತ್ತೆಗೆ ಫೋನ್ ಮಾಡಿದೆ. ಅಕ್ಷರಾಳನ್ನು ಇಷ್ಟು ಬೇಗ ಶಾಲೆಗೆ ಹಾಕಬೇಡ ಎಂದು ಅವರು ಬಡಿದುಕೊಂಡಿದ್ದರು. ನಾನು ಕೇಳಿರಲಿಲ್ಲ.

"ಅತ್ತೆ, ಬ್ರೌಸರ್ ಮೇಲೆ ಬ್ರೌಸರ್ ಹಾಕಿ ನೋಡ್ದೆ, ಒಂದೂ ಆಗ್ತಿಲ್ಲ."

"ಬ್ಲೌಸಾ? ಬಾಣಂತನದಲ್ಲಿ ಊದ್ಕೊಂಡೋಳು ನೀನು ಇಳೀಲೇ ಇಲ್ಲ ಕಣೇ. ಹೊಲಿಗೆ ಬಿಚ್ಚಿಸಿ ಹಾಕ್ಕೋ."

ಬ್ಲೌಸನ್ನು ಬ್ರೌಸರ್ ಮಾಡುವಷ್ಟರಲ್ಲಿ ನನ್ನ ಅರ್ಧ ಪ್ರಾಣ ಹೋಯಿತು. ಕೊನೆಗೆ ಮಾವನವರ ಫೋನಿಗೆ ಲಿಂಕ್ ಕಳಿಸಿದೆ. ಗಾಜು ಬಿರಿದು, ಅಂಚಿಗೆ ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡ ಆ ಬಡಪಾಯಿ ಫೋನು ಒಂದೇ ಒತ್ತಿಗೆ ಶಾಲೆಯನ್ನು ತೆರೆಯಿತು! ಅತ್ತೆ ಅದನ್ನು ನೋಡುತ್ತಾ, ತಮ್ಮ ಬಟನ್ ಫೋನಿನಲ್ಲಿ ನನಗೆ ವೀಕ್ಷಕ ವಿವರಣೆ ಶುರುವಿಟ್ಟರು.

"ಹಾಂ, ಬಂತು. ಮಕ್ಕಳೆಲ್ಲಾ ಕೂತಿದಾವೆ. ಅಯ್ಯೋ, ಮೂಲೇಲಿ ಒಂದು ಕೂಸು ಅಳ್ತಿದೆ ಕಣೇ!"

"ಯಾವುದತ್ತೆ? ಅಕ್ಷರಾನಾ?"

"ಗಾಜಿನ ಬಿರುಕು ಸರಿಯಾಗಿ ಅದರ ಮುಖದ ಮೇಲೇ ಬಂದಿದೆ. ಎಲ್ಲಕ್ಕೂ ಒಂದೇ ಯೂನಿಫಾರಂ. ಹೆಂಗೆ ಹೇಳ್ಲಿ?"

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮುಖಕ್ಕೆ ವೇಲ್ ಸುತ್ತಿ, ಹೆಲ್ಮೆಟ್ಟಿನೊಳಗೆ ಅತ್ತೆಯನ್ನು ಸಿಕ್ಕಿಸಿಕೊಂಡು (ಫೋನನ್ನು) ಸ್ಕೂಟರ್ ಓಡಿಸಿದ್ದೆ. ಬಾಗಿಲಿಗೆ ಹೋದರೆ ಮಗು ನೋಡಿ ರಂಪ ಮಾಡೀತೆಂದು ಹಿಂದಿನ ಕಿಟಕಿಯ ಬಳಿ ಹೂಕುಂಡದ ಮೇಲೆ ಹತ್ತಿ ನಿಂತು, ಸರಳು ಹಿಡಿದು ಇಣುಕಿದೆ.

ಕಿವಿಯಲ್ಲಿ ಅತ್ತೆ ಕಿರುಚಿದರು. "ಏ ವೀಣಾ! ಕಿಟಕೀಲಿ ಯಾವಳೋ ಕಳ್ಳಿ ಕಣೇ! ಮುಖ ಮುಚ್ಕೊಂಡು ಹೆಲ್ಮೆಟ್ ಹಾಕ್ಕೊಂಡು ಮಕ್ಕಳನ್ನೇ ನುಂಗೋ ಹಂಗೆ ನೋಡ್ತಿದಾಳೆ!"

"ಅತ್ತೆ, ಅದು..."

"ನೀನು ಬಾಯ್ಮುಚ್ಚು, ಮೊದ್ಲು ಶಾಲೆಗೆ ಓಡು!"

ಹೇಗೆ ಓಡಲಿ? ಕ್ಯಾಮೆರಾ ಬರುವ ಫೋನುಳ್ಳ ಸೌಭಾಗ್ಯವತಿಯರೆಲ್ಲ ಅಷ್ಟರಲ್ಲಿ ಶಾಲೆಗೆ ಫೋನ್ ಮಾಡಿಬಿಟ್ಟಿದ್ದರು. ಆಯಾ ಹುಚ್ಚಮ್ಮ ಪೊರಕೆ ಹಿಡಿದು ಬಂದು ನನ್ನ ರಟ್ಟೆಗೆ ಕೈ ಹಾಕಿದಳು. ಕುಂಡ ಒಡೆಯಿತು. ನನ್ನನ್ನು ತರಗತಿಯ ನಟ್ಟನಡುವೆ, ಕ್ಯಾಮೆರಾದ ಸರಿ ಎದುರಿಗೆ ತಂದು ನಿಲ್ಲಿಸಿ ಹೆಲ್ಮೆಟ್ಟನ್ನೂ ವೇಲನ್ನೂ ಕಿತ್ತಳು.

ಅವಳ ಕೈಲಿದ್ದ ಹೆಲ್ಮೆಟ್ ಮಾತಾಡತೊಡಗಿತು. "ಸಿಕ್ಕಿದ್ಲಾ? ಬಿಡಬೇಡ್ರಮ್ಮಾ, ಎರಡು ಬಾರಿಸಿ!" ಆಮೇಲೆ ಮೆಲ್ಲಗೆ, "ರೀ... ಇದು ನಮ್ಮ ವೀಣಾ ಕಣ್ರೀ."

ಅಳುತ್ತಿದ್ದ ಕೂಸು ಯಾರದೋ. ಅದೂ ನನ್ನನ್ನು ನೋಡುತ್ತಾ ಅಳು ನಿಲ್ಲಿಸಿತ್ತು. ನನ್ನ ಅಕ್ಷರಾ ಮಣ್ಣಿನುಂಡೆಗೆ ಆನೆಯ ಸೊಂಡಿಲು ಅಂಟಿಸುವುದರಲ್ಲಿ ಮುಳುಗಿದ್ದಳು. ಮಿಸ್ ಅವಳ ಭುಜ ತಟ್ಟಿ, "ಪುಟ್ಟಾ, ಇವ್ರು ನಿಮ್ಮಮ್ಮನಾ?" ಎಂದು ಕೇಳಿದರು.

ಕೆದರಿದ ಕೂದಲು, ಕೆನ್ನೆಗಿಳಿದ ಕಾಡಿಗೆ, ಸುರಿಯುವ ಮೂಗಿನ ನನ್ನನ್ನು ನನ್ನ ಮಗಳು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಲ್ಲ ಮಿಸ್. ನಮ್ಮಮ್ಮ ದೊಡ್ಡೋಳು, ಅಳಲ್ಲ" ಎಂದು ಮತ್ತೆ ಆನೆಯ ಕಡೆಗೆ ತಿರುಗಿದಳು.