ಲಾರ್ಡ್ ಥರ್ಲ್ಬಿಯ ಹೆಬ್ಬೆರಳು

ಲಾರ್ಡ್ ಆಂಬ್ರೋಸ್ ಥರ್ಲ್ಬಿ ಒಂದೇ ವಾರದಲ್ಲಿ ಎರಡು ಸಲ ‘ಹೂಂ’ ಅಂದದ್ದೇ ಎಲ್ಲಕ್ಕೂ ಮೂಲ.

ಸೋಮವಾರ, ಪಕ್ಕದ ಮನೆಯ, ಟೋರಿ ಪಕ್ಷದ ಲಾರ್ಡ್ ಸ್ಕೆಲ್ಟನ್ ಊಟಕ್ಕೆ ಕರೆದು, ಜಿಂಕೆ ಮಾಂಸ ಬಡಿಸುತ್ತ, “ಶುಕ್ರವಾರದ ಮಸೂದೆಗೆ ನಿಮ್ಮ ಮತ ನಮಗೇ ತಾನೆ?” ಎಂದಿದ್ದ. ಅವನ ಮಗನಿಗೂ ಥರ್ಲ್ಬಿಯ ಮಗಳು ಅರಬೆಲ್ಲಾಳಿಗೂ ಮದುವೆ ಗೊತ್ತಾಗಿತ್ತು. ಥರ್ಲ್ಬಿ ‘ಹೂಂ’ ಅಂದ. ಬುಧವಾರ ಕಾಫಿ ಮನೆಯಲ್ಲಿ ಅದೇ ಪ್ರಶ್ನೆ ಕೇಳಿದವನು ಹೆಂಡತಿಯ ತಮ್ಮ, ಎದುರಾಳಿ ವ್ಹಿಗ್ ಪಕ್ಷದ ಲಾರ್ಡ್ ಮಾನ್ಸೆಲ್. ರಾಣಿಯ ಆಸ್ಥಾನದಲ್ಲಿ ಥರ್ಲ್ಬಿಗೆ ಹುದ್ದೆ ಕೊಡಿಸಿದವನೇ ಅವನು. ಅಲ್ಲೂ ‘ಹೂಂ’.

ಶುಕ್ರವಾರ ಬೆಳಿಗ್ಗೆ ಥರ್ಲ್ಬಿ ಹಾಸಿಗೆ ಬಿಟ್ಟೇಳಲಿಲ್ಲ. ಮಗಳ ಮದುವೆ ಒಂದು ಕಡೆ, ಹುದ್ದೆ ಇನ್ನೊಂದು ಕಡೆ.

“ಲೆಟಿಸ್, ನಂಗೆ ಕಾಲುವಾತ ಅಂತ ಎರಡೂ ಮನೆಗೆ ಹೇಳಿ ಕಳಿಸು.”

“ಯಾವ ಕಾಲಿಗೆ ರೀ?” ಎಂದಳು ಹೆಂಡತಿ.

“ಯಾವುದಕ್ಕಾದ್ರೂ ಸರಿ, ಕಟ್ಟು!”

ಬಟ್ಟೆ ಸುತ್ತಿ ಸುತ್ತಿ ಎಡಗಾಲಿನ ಹೆಬ್ಬೆರಳು ಕುಂಬಳಕಾಯಿಯಷ್ಟು ದಪ್ಪವಾಯಿತು. ಅಷ್ಟರಲ್ಲೇ ಸ್ಕೆಲ್ಟನ್ ತನ್ನ ವೈದ್ಯನನ್ನು ಎಳೆದುಕೊಂಡು ಬಂದ. “ಬೀಗರೇ, ಇವತ್ತು ಗೆಲುವು ಸೋಲು ಒಂದೇ ಮತದ ಮೇಲೆ ನಿಂತಿದೆ. ಹೊತ್ತುಕೊಂಡಾದ್ರೂ ಹೋಗ್ತೀನಿ!”

ವೈದ್ಯ ಹೆಬ್ಬೆರಳನ್ನು ಒತ್ತಿದ. ಕೂಗಬೇಕೆಂಬುದೇ ಥರ್ಲ್ಬಿಗೆ ಮರೆತಿತ್ತು. ಲೆಟಿಸ್ ಮೆಲ್ಲಗೆ ಚಿವುಟಿದ ಮೇಲೆ, “ಅಯ್ಯೋ!”

“ನೋವು ತಡವಾಗಿ ತಲೆಗೆ ಮುಟ್ತಿದೆ,” ಎಂದ ವೈದ್ಯ ಗಂಭೀರವಾಗಿ. “ರೋಗ ಮೇಲಕ್ಕೇರಿದೆ.” ಥರ್ಲ್ಬಿಯ ಎಡಗೈಯಿಂದ ಒಂದು ಬಟ್ಟಲು ರಕ್ತ ತೆಗೆದ.

ಅದು ತುಂಬುವಷ್ಟರಲ್ಲಿ ಮಾನ್ಸೆಲ್ ಬಂದ, ಅವನ ಹಿಂದೆ ಇನ್ನೊಬ್ಬ ವೈದ್ಯ. “ಭಾವ! ಟೋರಿ ವೈದ್ಯನ ಕೈಗೆ ಸಿಕ್ಕಿದ್ರಾ? ಕೊಂದೇಬಿಡ್ತಾನೆ!” ವ್ಹಿಗ್ ವೈದ್ಯ ರೋಗಿಯ ಬಲಗೈಯಿಂದ ಎರಡು ಬಟ್ಟಲು ತೆಗೆದು, ತಲೆ ಬೋಳಿಸಿ, ನೆತ್ತಿಗೆ ಸುಡುವ ಸಾಸಿವೆ ಪಟ್ಟು ಹಾಕಿದ.

ಥರ್ಲ್ಬಿಗೆ ಜೀವ ಬಾಯಿಗೆ ಬಂತು. ಮಾನ ಹೋದರೆ ಹೋಗಲಿ, ಪ್ರಾಣ ಉಳಿದರೆ ಸಾಕು.

“ನಿಲ್ಲಿಸ್ರಪ್ಪಾ! ನಂಗೇನೂ ಆಗಿಲ್ಲ! ಇಬ್ಬರಿಗೂ ಮಾತು ಕೊಟ್ಟುಬಿಟ್ಟಿದ್ದೆ, ಅದಕ್ಕೇ ಈ ನಾಟಕ!”

ಸ್ಕೆಲ್ಟನ್ ಮಾನ್ಸೆಲನ ಮುಖ ನೋಡಿದ. ಮಾನ್ಸೆಲ್ ಕಣ್ಣೊರೆಸಿಕೊಂಡ.

“ಸನ್ನಿ ಹಿಡಿದಿದೆ,” ಎಂದರು ಇಬ್ಬರು ವೈದ್ಯರೂ. ಅಂದು ಅವರು ಒಪ್ಪಿಕೊಂಡ ಮಾತು ಅದೊಂದೇ.

ಜೀವಮಾನದಲ್ಲಿ ಆಡಿದ ಒಂದೇ ಒಂದು ನಿಜ ಹೀಗಾಯಿತಲ್ಲ ಎಂದು ಥರ್ಲ್ಬಿ ಗೋಡೆಯ ಕಡೆ ತಿರುಗಿ ಅತ್ತ. ಮಧ್ಯಾಹ್ನ ಲಾರ್ಡುಗಳಿಬ್ಬರೂ ಮತ ಹಾಕಲು ಪಾರ್ಲಿಮೆಂಟ್ ಸಭೆಗೆ ಹೊರಟರು. ಗಾಡಿಗಳ ಸದ್ದು ದೂರವಾದಾಗ ಮಾತ್ರ ಅವನಿಗೆ ಸ್ವಲ್ಪ ಉಸಿರು ಬಂತು. ನೆತ್ತಿ ಉರಿಯುತ್ತಿತ್ತು, ಕೈಗಳಲ್ಲಿ ತ್ರಾಣವಿರಲಿಲ್ಲ. ಆದರೂ ಮತ ಹಾಕುವುದು ತಪ್ಪಿತಲ್ಲ! ಮದುವೆಯೂ ಉಳಿಯಿತು, ಹುದ್ದೆಯೂ ಉಳಿಯಿತು. ಕಣ್ಣು ಮುಚ್ಚಿಕೊಂಡ.

ಸಂಜೆ ಐದಕ್ಕೆ ಮೆಟ್ಟಿಲು ಧಡಧಡ ಸದ್ದು ಮಾಡಿತು. ಹತ್ತು ವರ್ಷ ಮುಖ ಕೊಟ್ಟು ಮಾತಾಡದ ಲಾರ್ಡುಗಳು ಈಗ ತೋಳಿಗೆ ತೋಳು ಸೇರಿಸಿಕೊಂಡು ಒಳಗೆ ಬಂದರು.

“ಬೀಗರೇ, ಇಡೀ ಸಭೆ ಎದ್ದು ನಿಂತು ನಿಮಗೋಸ್ಕರ ಪ್ರಾರ್ಥನೆ ಮಾಡ್ತು!”

“ಮತದಾನಾನೇ ಮುಂದಕ್ಕೆ ಹಾಕಿಸಿದ್ವಿ ಭಾವ! ನೀವು ಎದ್ದು ಬರೋತನಕ ಮಸೂದೇನ ಯಾರೂ ಮುಟ್ಟೋ ಹಾಗಿಲ್ಲ.”

“ಅಲ್ಲೀತನಕ ಇವರಿಬ್ಬರೂ ಇಲ್ಲೇ ಇರ್ತಾರೆ,” ಎಂದು ಸ್ಕೆಲ್ಟನ್ ಬಾಗಿಲ ಕಡೆ ಕೈ ತೋರಿಸಿದ. ವೈದ್ಯರು ಆಗಲೇ ಅಂಗಿಯ ತೋಳು ಮಡಚುತ್ತಿದ್ದರು.

ಏನೋ ಹೇಳಲು ಥರ್ಲ್ಬಿ ಬಾಯಿ ತೆರೆದ. ತೆರೆದದ್ದೇ ತಡ, ಟೋರಿ ವೈದ್ಯ ಅದರೊಳಗೆ ಕಷಾಯ ಸುರಿದ.