ನನ್ನ ಪಾಲಿಗೆ ಬಂದ ಮರ

ಸಭೆಯಲ್ಲಿ ಮೌನವನ್ನು ನನ್ನಿಂದ ಸಹಿಸಲಾಗುವುದಿಲ್ಲ. ‘ಇನ್ನು ಯಾರಿಗಾದರೂ ಏನಾದರೂ ಹೇಳುವುದಿದೆಯೇ?’ ಎಂದು ಕೇಳಿದ ಮೇಲೆ ಎಲ್ಲರೂ ಸುಮ್ಮನಾದರೆ, ಅದಕ್ಕೆ ನಾನೇ ಹೊಣೆ ಎಂಬಂತೆ ಎದ್ದು ಬಾಯಿ ಹಾಕಿಬಿಡುತ್ತೇನೆ. ಮೂವತ್ತು ವರ್ಷ ಗಣಿತ ಕಲಿಸಿದವನ ರೋಗ ಇದಿರಬೇಕು. ತರಗತಿ ಬಾಯಿ ಬಿಡದಿದ್ದರೆ ಉತ್ತರವನ್ನೂ ನಾನೇ ಹೇಳಿ ಅಭ್ಯಾಸ. ಹೀಗೆ ಬಾಯಿ ಹಾಕಿಯೇ ಒಮ್ಮೆ ಶಾಲೆಯ ಬ್ಯಾಂಡ್ ಸೆಟ್ಟನ್ನೂ ಇನ್ನೊಮ್ಮೆ ಸಹೋದ್ಯೋಗಿಯ ಮಗಳ ಮದುವೆಯ ಪಾಯಸವನ್ನೂ ತಲೆಗೆ ಕಟ್ಟಿಕೊಂಡಿದ್ದೆ. ಆ ಪಾಯಸ ತಳ ಹಿಡಿದದ್ದನ್ನು ನನ್ನ ಹೆಂಡತಿ ಇಂದಿಗೂ ಮರೆತಿಲ್ಲ. ನಿವೃತ್ತಿಯಾದ ಮೇಲೆ ಸಭೆಗಳ ಸಹವಾಸವೇ ಬೇಡ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಆದರೆ ಈ ಸಲದ ವಾರ್ಡ್ ಸಭೆ ನಮ್ಮ ಮನೆಯ ಹಿಂದಿನ ಕಾಡಿನ ಬಗ್ಗೆ ಎಂದು ತಿಳಿದಾಗ ಕಾಲು ತಡೆಯಲಿಲ್ಲ.

ಕಾಡು ಎಂದರೆ ದೊಡ್ಡದೇನಲ್ಲ. ಕಾಸರಗೋಡು ಪೇಟೆಯ ಬೆನ್ನಿಗೆ, ಮನೆ ಕಟ್ಟುವ ಕೆಂಪು ಮುರಕಲ್ಲು ತೆಗೆದು ಬಿಟ್ಟ ಹಳೆಯ ಹೊಂಡಕ್ಕೂ ನಮ್ಮ ಮನೆಗಳ ಸಾಲಿಗೂ ನಡುವೆ ಹೇಗೋ ಉಳಿದುಕೊಂಡ ಮರಗಳ ಗುಂಪು. ಅದನ್ನು ಉಳಿಸಲು, ಜನ ಅದರಲ್ಲಿ ಖುಷಿಯಾಗಿ ಹೊತ್ತು ಕಳೆಯುವಂತೆ ಮಾಡಲು ಸಲಹೆ ಕೊಡಿ ಎಂದರು ವಾರ್ಡ್ ಸದಸ್ಯರು. ಸಲಹೆಗೇನು ಬರ? ಒಬ್ಬರಿಗೆ ಇಂಟರ್‌ಲಾಕ್ ಹಾಕಿದ ದಾರಿ ಬೇಕು, ಒಬ್ಬರಿಗೆ ಸೆಲ್ಫಿ ತೆಗೆಯಲು ಕಟ್ಟೆ, ಇನ್ನೊಬ್ಬರಿಗೆ ವ್ಯಾಯಾಮದ ಕಬ್ಬಿಣದ ಸಾಮಾನು, ಮತ್ತೊಬ್ಬರಿಗೆ ಬಣ್ಣದ ದೀಪ. ಎಲ್ಲವನ್ನೂ ತಂದಿಟ್ಟರೆ ಮರಗಳು ಜಾಗ ಖಾಲಿ ಮಾಡಬೇಕಾಗುತ್ತಿತ್ತು. ಹಾರ್ಡ್‌ವೇರ್ ಅಂಗಡಿಯ ಗಂಗಾಧರಣ್ಣ ಸುತ್ತಿ ಬಳಸಿ ಹೇಳುವವರಲ್ಲ. ಅಲ್ಲಿ ಹಾವು ಉಂಟು, ಸೊಳ್ಳೆ ಉಂಟು, ಕಡಿದು ಸಮ ಮಾಡಿದರೆ ಪೇಟೆಗೆ ಬರುವ ವಾಹನ ನಿಲ್ಲಿಸಲಿಕ್ಕಾದರೂ ಆದೀತು ಎಂದರು. ಕೆಲವರು ತಲೆಯಾಡಿಸಿದರು. ಮಧ್ಯಾಹ್ನದ ಸೆಕೆಗೆ ನಮ್ಮ ಹಿಂದಿನ ಕೋಣೆಗೆ ಒಂದಿಷ್ಟು ತಂಪು ಬರುವುದು ಆ ಮರಗಳಿಂದ. ಮಂಗಟ್ಟೆ ಹಕ್ಕಿಯೊಂದು ಬಂದು ಕೂರುವುದನ್ನು ನೋಡದೆ ನನಗೆ ಬೆಳಗಿನ ಚಹಾ ರುಚಿಸುವುದಿಲ್ಲ. ಅಷ್ಟರಲ್ಲಿ ‘ಇನ್ನು ಯಾರಾದರೂ?’ ಎಂಬ ಪ್ರಶ್ನೆ ಬಂತು, ಸಭೆ ಸುಮ್ಮನಾಯಿತು. ನೋಡಿದರೆ ನಾನು ಎದ್ದು ನಿಂತಿದ್ದೆ.

ನಿಂತ ಮೇಲೆ ಹೊಳೆದದ್ದನ್ನೆಲ್ಲ ಹೇಳಿಬಿಟ್ಟೆ. ಒಂದೊಂದು ಮನೆಗೆ ಒಂದೊಂದು ಮರ, ಚೀಟಿ ಎತ್ತಿ ಹಂಚುವುದು. ಒಂದು ಭಾನುವಾರ ಎಲ್ಲರೂ ಸೇರಿ ತಂತಮ್ಮ ಮರವನ್ನು ಅಪ್ಪಿಕೊಳ್ಳುವುದು. ಮುಂದೆ ಯಾವ ಮರಕ್ಕೆ ಕೊಡಲಿ ಬಂದರೂ ಆ ಮನೆಯವರು ಅದನ್ನು ಅಪ್ಪಿಕೊಂಡು ನಿಲ್ಲಬೇಕು ಎಂಬ ನಿಯಮ. ಚಪ್ಪಾಳೆ ಬಿತ್ತು. ಉಸ್ತುವಾರಿಯೂ ನನ್ನ ತಲೆಗೇ ಬಿತ್ತು.

ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಮಾವು, ಹಲಸು, ತೆಂಗು ಬಿಟ್ಟರೆ ಉಳಿದದ್ದೆಲ್ಲ ನನಗೆ ಬರೀ ಮರ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಸೀಮೆಸುಣ್ಣ ಹಿಡಿದು ಮರಗಳ ಕಾಂಡದ ಮೇಲೆ ಒಂದರಿಂದ ಮೂವತ್ತೆರಡರವರೆಗೆ ನಂಬರು ಬರೆದೆ. ಚೀಟಿ ಎತ್ತಿದಾಗ ನನಗೆ ಎಂಟನೆಯದು ಬಂತು, ಒಳ್ಳೆಯ ಹಲಸು. ಗಂಗಾಧರಣ್ಣನಿಗೆ ಹದಿನೇಳು. ಶನಿವಾರ ಸಂಜೆ ನೆರೆಮನೆಯ ಫಿಲೋಮಿನಾ ಬಾಯಮ್ಮ ತಮ್ಮ ಮರ ನೋಡಲು ಬಂದರು. ಮುಳ್ಳೇರಿಯದ ಕಡೆಯ ಗುಡ್ಡೆಗಳಲ್ಲಿ ಸೊಪ್ಪು ಸೌದೆ ತಂದು ಬೆಳೆದವರು. ಹದಿನೇಳರ ಎದುರು ಬಂದು, ತೊಗಟೆಯ ಮೇಲೆ ಇಳಿದು ಒಣಗಿದ ಕಪ್ಪು ಕಲೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು.

“ಇದು ಚೇರೆ ಮರ ಅಲ್ವಾ ಮಾಷ್ಟ್ರೆ? ಇದರ ಸೊನೆ ತಾಗಿದರೆ ಮೈಯೆಲ್ಲ ಬೀಗುತ್ತದೆ. ಇದನ್ನು ಅಪ್ಪಲಿಕ್ಕೆ ಯಾರಿಗೆ ಕೊಟ್ಟದ್ದು ನೀವು?”

ಗಂಗಾಧರಣ್ಣ ಅದನ್ನು ಅಪ್ಪುವುದು, ಊದಿಕೊಂಡ ಮುಖದಲ್ಲಿ ಮುಂದಿನ ಸಭೆಗೆ ಬಂದು ‘ಇದು ವಿಷದ ಕಾಡು’ ಎನ್ನುವುದು, ಮರುದಿನವೇ ಜೆಸಿಬಿ ಬರುವುದು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ನಾಲ್ಕು ಜನಕ್ಕೆ ತಿಳಿದರೂ ಅದೇ ಗತಿ. ಯಾರಿಗೂ ಹೇಳಬೇಡಿ ಎಂದು ಬಾಯಮ್ಮನನ್ನು ಬೇಡಿಕೊಂಡೆ. ಅವರು ಹೋದ ಮೇಲೆ ಎರಡು ಮರಗಳ ನಂಬರು ಅದಲುಬದಲು ಮಾಡುವುದೆಂದು ನಿಶ್ಚಯಿಸಿದೆ. ಹಲಸು ಗಂಗಾಧರಣ್ಣನಿಗೆ ಹೋಗಲಿ, ಚೇರೆ ನನಗಿರಲಿ, ನಾನು ಅಪ್ಪಿದ ಹಾಗೆ ಮಾಡಿದರಾಯಿತು. ಹಲಸಿನ ಎಂಟನ್ನು ಹದಿನೇಳು ಮಾಡಿ, ಚೇರೆಯ ಹದಿನೇಳನ್ನು ಚೆನ್ನಾಗಿ ಉಜ್ಜಿ ಅಳಿಸಿ ಎಂಟು ಎಂದು ಬರೆದೆ. ಅಳಿಸಿದ್ದು ಅಂಗೈಯಿಂದ. ಮೂವತ್ತು ವರ್ಷ ಕರಿಹಲಗೆ ಒರೆಸಿದ ಕೈ ಅದು, ಬಟ್ಟೆ ಹುಡುಕುವ ಅಭ್ಯಾಸವೇ ಇಲ್ಲ. ಆಮೇಲೆ, ಸದ್ಯ ಗಂಡಾಂತರ ತಪ್ಪಿತು ಎಂದು ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡೆ.

ಭಾನುವಾರ ಬೆಳಿಗ್ಗೆ ಕನ್ನಡಿಯಲ್ಲಿ ಕಂಡವನ ಪರಿಚಯ ನನಗಿರಲಿಲ್ಲ. ಹೆಂಡತಿಗೂ ಊರಿಗೂ ಜೇನು ಕಡಿಯಿತು ಎಂದು ಹೇಳಿದೆ. ನನ್ನ ಮರದಿಂದ ಒಂದು ಗೇಣು ದೂರದಲ್ಲಿ ತೋಳು ಚಾಚಿ ನಿಂತದ್ದನ್ನು, ಪಾಪ, ನೋವಿರಬೇಕು ಎಂದು ಜನ ಮನ್ನಿಸಿದರು. ಗಂಗಾಧರಣ್ಣನಂತೂ ಹಲಸನ್ನು ಬಿಗಿಯಾಗಿ ಅಪ್ಪಿ ಫೋಟೋ ತೆಗೆಸಿಕೊಂಡು ಸಿಕ್ಕಿದವರಿಗೆಲ್ಲ ‘ನನ್ನ ಹಲಸು’ ಎಂದು ತೋರಿಸಿದರು. ಡಾಕ್ಟರು ಮಾತ್ರೆ ಕೊಟ್ಟರು. ಬಾಯಮ್ಮನಿಗೆ ಅದು ಸಾಲಲಿಲ್ಲ. ಚೇರೆ ಮಾಡಿದ್ದಕ್ಕೆ ತಾರೆ ಮರಕ್ಕೆ ಸುತ್ತು ಬರಬೇಕು, ಹಿಂದಿನಿಂದ ಬಂದ ಕ್ರಮ ಅದು, ನಿಮ್ಮ ಐದನೇ ನಂಬರಿನದ್ದೇ ತಾರೆ ಎಂದರು. ನಾನು ಇಂಥದನ್ನೆಲ್ಲ ನಂಬುವವನಲ್ಲ. ಆದರೆ ಆ ತುರಿಕೆಯಲ್ಲಿ ಯಾರು ಏನು ಹೇಳಿದ್ದರೂ ಮಾಡುತ್ತಿದ್ದೆ. ಮರುದಿನ ಬೆಳಿಗ್ಗೆಯೇ ಹೋಗಿ ಸುತ್ತತೊಡಗಿದೆ.

ಕಂಡವರು ಅದನ್ನು ವಾಕಿಂಗ್ ಎಂದುಕೊಂಡರು. ಒಬ್ಬರು ಸೇರಿಕೊಂಡರು, ಆಮೇಲೆ ನಾಲ್ವರು. ನನ್ನ ತುರಿಕೆ ಇಳಿಯುವಷ್ಟರಲ್ಲಿ ಹಿಂದೆ ಹತ್ತು ಹನ್ನೆರಡು ಜನ. ಸಭೆಯಲ್ಲಿ ಯಾರೂ ಕೊಡದಿದ್ದ ಸಲಹೆಯೊಂದು ಕಾಡನ್ನು ಜನರಿಂದ ತುಂಬಿಸಿತು. ನಾನು ನಿಲ್ಲಿಸಿದರೆ ಅವರೂ ನಿಲ್ಲಿಸಿಯಾರು ಎಂಬ ಹೆದರಿಕೆಗೆ ನಾನೂ ಸುತ್ತುತ್ತಲೇ ಇದ್ದೆ. ಮೊನ್ನೆ ಗಂಗಾಧರಣ್ಣ ಬಂದು ಮೂರು ಸುತ್ತು ಹಾಕಿ, ದಾರಿ ಸಪುರವಾಯಿತು, ಇಬ್ಬರು ಒಟ್ಟಿಗೆ ನಡೆಯಲಿಕ್ಕಾಗುವುದಿಲ್ಲ, ಆ ಎಂಟನೇ ನಂಬರಿನದ್ದನ್ನು ಕಡಿಯುವ ಎಂದರು. ಕಡಿದವರ ಮೈ ಬೀಗಿದರೆ ಗುಟ್ಟು ಬಯಲಾಗುತ್ತದೆ ಎಂದು ನಾನು ಆಗದು ಎಂದೆ.

“ಹಾಗಾದ್ರೆ ನೀವೇ ಮಾಡಿದ ನಿಯಮ ಉಂಟಲ್ಲ ಮಾಷ್ಟ್ರೆ,” ಎಂದರು. “ಭಾನುವಾರ ಎಲ್ಲರ ಎದುರು ಗಟ್ಟಿ ಅಪ್ಪಿಕೊಂಡು ನಿಲ್ಲಿ. ಹೋದ ಸಲ ನೀವು ಸರಿ ಅಪ್ಪಲೇ ಇಲ್ಲ.”

ನಿಜ ಹೇಳಿದರೆ ಹಲಸೊಂದನ್ನು ಉಳಿಸಿ ಉಳಿದದ್ದನ್ನೆಲ್ಲ ಬೋಳಿಸಿಯಾರು. ಹೇಳದಿದ್ದರೆ ನಾನು ಅಪ್ಪಬೇಕು. ಬಾಯಮ್ಮ ಒಂದು ಬಾಟ್ಲಿ ತೆಂಗಿನೆಣ್ಣೆ ಕಳಿಸಿದ್ದಾರೆ, ಮೈಗೆಲ್ಲ ಹಚ್ಚಿಕೊಳ್ಳಬೇಕಂತೆ. ಭಾನುವಾರಕ್ಕೆ ಇನ್ನು ಮೂರೇ ದಿನ. ಮಾಷ್ಟ್ರಿಗೆ ಈಚೆಗೆ ಉತ್ಸಾಹ ಜಾಸ್ತಿಯಾಗಿದೆ ಎಂದು ಹಿಂದೆ ನಡೆಯುವವರು ಮೆಚ್ಚಿಕೊಳ್ಳುತ್ತಿದ್ದಾರೆ. ಇಂಥದನ್ನೆಲ್ಲ ನಂಬದ ನಾನು, ದಿನಕ್ಕೆ ಇಪ್ಪತ್ತೊಂದರಂತೆ, ಆ ತಾರೆ ಮರಕ್ಕೆ ಮುಂಗಡ ಸುತ್ತು ಹಾಕುತ್ತಿದ್ದೇನೆ.