ಕಾಕಾನ ನಾಲಿಗೆ ಮತ್ತು ತಾಮ್ರದ ಬಣ್ಣದ ಬಿಯರು

ನಮ್ಮ ಕಾಕಾನ ನಾಲಿಗೆಯನ್ನು ಸರ್ಕಾರ ಇನ್ನೂ ಯಾಕೆ ವಶಪಡಿಸಿಕೊಂಡಿಲ್ಲ ಎಂಬುದೇ ನನಗೆ ಅರ್ಥವಾಗದ ಸಂಗತಿ! ಆಹಾರ ಇಲಾಖೆಗೆ ಅಷ್ಟೊಂದು ಜನ, ಅಷ್ಟೊಂದು ಯಂತ್ರ ಯಾಕೆ ಬೇಕು? ಹೈದರಾಬಾದಿನ ಲಿಂಗಂಪಲ್ಲಿಯ ಎರಡನೇ ಮಹಡಿಯ ಮನೆಯಿಂದ ಕಾಕಾನನ್ನು ಕರೆದೊಯ್ದು ಒಂದು ಚಮಚ ಕೈಗೆ ಕೊಟ್ಟರೆ ಸಾಕಲ್ಲ?

ರುಚಿ ನೋಡುವುದು ಅವರಿಗೆ ಪೂಜೆಯಿದ್ದಂತೆ. ಮೊದಲು ಫ್ಯಾನು ಬಂದ್ ಆಗಬೇಕು. ಬೆಚ್ಚನೆಯ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಒಂದು ಹಿಡಿ ಚುರುಮುರಿ ಅಗಿಯಬೇಕು. ಆಮೇಲೆ ಎಡಗಣ್ಣು ಮುಚ್ಚಿ ಒಂದು ತುತ್ತು. ಅಷ್ಟು ಹೊತ್ತು ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತೇವೆ. ಏನಾದರೂ ತಪ್ಪಿದ್ದರೆ ಅದನ್ನು ಹೇಳಿಯೇ ತೀರುತ್ತಾರೆ. ಇಲ್ಲದಿದ್ದರೆ 'ನಡೀತೈತಿ' ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿಲ್ಲ. ಮೂವತ್ತು ವರ್ಷ ಅಡುಗೆ ಮಾಡಿ ಹಾಕಿದ ಅವರ ಹೆಂಡತಿ, ನಮ್ಮ ಕಾಕುವೂ ಕೇಳಿಲ್ಲ!

ಒಮ್ಮೆ ಅಬಿಡ್ಸಿನ ಇರಾನಿ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಕಾಕಾ ಒಂದು ಗುಟುಕು ಹೀರಿ, "ಹಾಲು ನಿನ್ನಿದು. ಕಾಸಿದ ಪಾತ್ರಿಯೊಳಗ ಮೊದಲ ಖೀರು ಮಾಡ್ಯಾರ" ಎಂದರು. ಅಷ್ಟಕ್ಕೇ ಬಿಡಬಹುದಿತ್ತಲ್ಲ? ಗಲ್ಲಾದ ಮೇಲಿದ್ದ ಮಾಲೀಕನಿಗೂ ಅದನ್ನೇ ಹಿಂದಿಯಲ್ಲಿ ಒಪ್ಪಿಸಿದರು. ಅವನು ಒಳಗೆ ಹೋಗಿ ವಿಚಾರಿಸಿ ಬಂದು, ಬೆವರು ಒರೆಸಿಕೊಳ್ಳುತ್ತ ಕೇಳಿದ: "ಸಾಬ್, ಆಪ್ ಚಾಯ್ ಪೀನೇ ಆಯೇ ಕಿ ಛಾಪಾ ಮಾರ್ನೇ?" ಚಹಾಕ್ಕೆ ಬಂದಿರೋ, ದಾಳಿಗೋ ಎಂದು!

ನನಗೆ ಹೆಣ್ಣು ನೋಡಲು ಬೀದರಿಗೆ ಹೋದಾಗಲೂ ಅದೇ ಕಥೆ. ಉಪ್ಪಿಟ್ಟು ಬಂತು. "ನಮ್ಮ ಹುಡುಗೀನ ಮಾಡ್ಯಾಳ್ರಿ" ಎಂದರು ಅವಳ ತಾಯಿ. ಕಾಕಾ ಎಡಗಣ್ಣು ಮುಚ್ಚಿದರು.

"ಇಲ್ರಿ. ಇದು ಭಾಳ ವರ್ಷ ಮಾಡಿದ ಕೈ. ಹುಡುಗೀದಲ್ಲ."

ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಹೌದ್ರಿ, ಅವ್ವ ಮಾಡ್ಯಾಳ. ನನಗ ಉಪ್ಪಿಟ್ಟು ಬರಂಗಿಲ್ಲ." ನಾನು ಅಲ್ಲೇ ಒಪ್ಪಿದೆ. ಆಕೆ ಇವತ್ತಿಗೂ ಉಪ್ಪಿಟ್ಟು ಕಲಿತಿಲ್ಲ, ಅದು ಬೇರೆ ಮಾತು.

ಇಂಥ ಕಾಕಾನಿಗೆ ಒಬ್ಬಳೇ ಮಗಳು, ನನಗೆ ತಂಗಿ. ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಟ್ಯಾಂಕು ಕಾಯುತ್ತಿದ್ದವಳು ಒಂದು ದಿನ ಅದನ್ನು ಬಿಟ್ಟು ಬ್ರೂಪಬ್ಬಿನ ಟ್ಯಾಂಕು ಕಾಯಲು ಹೋದಳು. ನಮ್ಮ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದಂತೆ, ಅಲ್ಲಿಯವರ ದಾಹ ತೀರಿಸಲು ಪಕ್ಕದಲ್ಲೇ ಬಿಯರು ತಯಾರಿಸಿ ಬಡಿಸುವ ಅಂಗಡಿಗಳೂ ಎದ್ದಿದ್ದವು. ನಮ್ಮ ಮನೆತನವೋ, ಬಾರ್ ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುವಂಥದ್ದು! ಕಾಕು ನೆಂಟರಿಗೆಲ್ಲ "ಮಗಳು ಫುಡ್ ಲೈನಿನ್ಯಾಗ ಅದಾಳ" ಎಂದು ಹೇಳಿ ಪಾರಾದಳು. ಕಾಕಾ ಬೈಯಲಿಲ್ಲ, ಬೇಡವೆನ್ನಲೂ ಇಲ್ಲ. ಎರಡು ವರ್ಷ ಆ ಕೆಲಸದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಕೊನೆಗೆ ತಂಗಿ ನನಗೆ ಫೋನು ಮಾಡಿದಳು. "ಅಣ್ಣಾ, ಅಪ್ಪ ಊರ ಮಂದಿ ಉಪ್ಪಿಟ್ಟಿಗೆಲ್ಲ ತೀರ್ಪು ಕೊಡ್ತಾರ, ನನ್ನ ಕೆಲಸಕ್ಕ ಮಾತ್ರ ಬಾಯಿ ಹೊಲಕೊಂಡಾರ. ಆಂಬರ್ ಏಲ್ ಅಂತ ಒಂದು ಬಿಯರ್ ಮಾಡೀನಿ. ನಾನ ಒಬ್ಬಾಕಿ ಕುಂತು ಮಾಡಿದ ಮೊದಲನೇದು. ಇವತ್ತ ಸಂಜೀಕ ಮಂದಿಗೆ ಕೊಡೋರದಾರ. ಅದಕ್ಕಿಂತ ಮೊದಲ ಅಪ್ಪ ಒಮ್ಮೆ ನೋಡಬೇಕು. ಹೆಂಗರ ಮಾಡಿ ಕರಕೊಂಡು ಬಾ."

"ಕುಡಿಯೂದು ಬ್ಯಾಡ್ರಿ ಕಾಕಾ, ಬರೇ ರುಚಿ ನೋಡಿ ಉಗುಳ್ರಿ" ಎಂದೆ. ಕಾಕಾ ಬಹಳ ಹೊತ್ತು ವಿಚಾರ ಮಾಡಿದರು.

"ಉಗುಳಿದ್ರ ಕುಡಿದಂಗ ಆಗಂಗಿಲ್ಲ, ಅಲ್ಲೇನು?"

"ಯಾವ ಶಾಸ್ತ್ರದಾಗೂ ಆಗಂಗಿಲ್ರಿ!"

ಹೊರಟೆವು. ಜೇಬಿನಲ್ಲಿ ಚುರುಮುರಿ ಪೊಟ್ಟಣ, ಚೀಲದಲ್ಲಿ ಉಗುಳಲು ಸ್ಟೀಲಿನ ಚೊಂಬು, ಗುರುತು ಸಿಗಬಾರದೆಂದು ಮೇ ತಿಂಗಳ ಮಧ್ಯಾಹ್ನದಲ್ಲಿ ತಲೆಗೆ ಉಣ್ಣೆಯ ಮಫ್ಲರು! ಪಬ್ಬಿನೊಳಗೆ ಕಾಲಿಟ್ಟ ಕೂಡಲೇ ಇದ್ದವರೆಲ್ಲ ತಿರುಗಿ ನೋಡಿದ್ದು ಅವರೊಬ್ಬರನ್ನೇ. ಮೊದಲ ಮೇಜಿನಲ್ಲೇ ಅವರ ಕೆಳಮನೆಯ ಭಜನಾ ಮಂಡಳಿಯ ಹಿರಿಯರೊಬ್ಬರು ಗ್ಲಾಸು ಹಿಡಿದು ಕುಳಿತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಅದೇ ಕ್ಷಣ ಗೋಡೆ ನೋಡತೊಡಗಿದರು.

ತಂಗಿ ಗ್ಲಾಸು ತಂದಿಟ್ಟಳು. ಹೊಸದಾಗಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಬಣ್ಣ, ಮೇಲೆ ಬೆಳ್ಳನೆಯ ನೊರೆ. ಕಾಕಾ ಏಸಿ ಬಂದ್ ಮಾಡಿಸಿದರು. ಬಾಯಿ ಮುಕ್ಕಳಿಸಿದರು. ಚುರುಮುರಿ ಅಗಿದರು. ಎಡಗಣ್ಣು ಮುಚ್ಚಿದರು. ನಾನು ಚೊಂಬು ಮುಂದೆ ಹಿಡಿದೆ.

ಕಾಕಾ ಉಗುಳಲಿಲ್ಲ. ನುಂಗಿಬಿಟ್ಟರು!

"ಭಾಳ ಛಲೋ ಐತಿ" ಎಂದರು.

ನಾನು ಕುಣಿಯುವುದೊಂದು ಬಾಕಿ. ಆದರೆ ತಂಗಿಯ ಮುಖ ಪೆಚ್ಚಾಯಿತು. ಅವಳ ಕಣ್ಣಲ್ಲಿ ನೀರು ತುಂಬಿತು.

"ಅಪ್ಪಾ, ಕಂಡವರ ಚಹಾಕ್ಕ ಖರೆ ಹೇಳ್ತೀರಿ. ನನಗ್ಯಾಕ ಸುಳ್ಳು ಹೇಳಾಕತ್ತೀರಿ? ನನ್ನ ಕೆಲಸ ಖರೆ ಹೇಳೂವಷ್ಟೂ ಯೋಗ್ಯತಿದಲ್ಲೇನು?"

ಕಾಕಾ ತಲೆ ತಗ್ಗಿಸಿದರು. "ನಿನ್ನ ಮಾರಿ ನೋಡಿದೆ. ಬಾಯಿ ಬರಲಿಲ್ಲವ್ವ" ಎಂದರು. ಆಮೇಲೆ ಗ್ಲಾಸನ್ನು ಮತ್ತೆ ಎತ್ತಿದರು. ಈ ಸಲ ಎರಡೂ ಕಣ್ಣು ಮುಚ್ಚಿದ್ದರು.

"ಮೊದಲ ಹದವಾಗಿ ಸುಟ್ಟ ಬೆಲ್ಲ ಬರ್ತೈತಿ. ಹಿಂದಿಂದ ಕಹಿ. ಬೇವಿನದಲ್ಲ, ಮೋಸಂಬಿ ಸಿಪ್ಪಿದು. ಅಲ್ಲೀತನಕ ನಡೀತೈತಿ. ಕಡೀಕ ನಾಲಿಗಿ ಮ್ಯಾಲ ಬೆಣ್ಣಿ ಕುಂತಂಗ ಆಗ್ತೈತಿ. ಇದರಾಗ ಬೆಣ್ಣಿ ಯಾಕವ್ವ?"

ಜೀವನದಲ್ಲಿ ಬಿಯರನ್ನೇ ಮುಟ್ಟದ ಮನುಷ್ಯ! ತಂಗಿ ಕಣ್ಣೊರೆಸಿಕೊಂಡು ನಕ್ಕಳು.

"ಅದ ಅಪ್ಪಾ, ಅದ! ಇನ್ನ ಎರಡು ದಿನ ಟ್ಯಾಂಕಿನ್ಯಾಗ ಬಿಟ್ಟಿದ್ರ ಆ ಬೆಣ್ಣಿ ತಾನ ಹೋಗ್ತಿತ್ತು. ಮಾಲೀಕರಿಗೆ ಅವಸರ. ಉಳಿದವರೆಲ್ಲಾ ಛಲೋ ಐತಿ ಅಂದ್ರು. ನನಗ ನನ್ನ ನಾಲಿಗಿ ಮ್ಯಾಲೇ ಅನುಮಾನ ಬಂತು."

"ಅನುಮಾನ ಪಡಬ್ಯಾಡ. ಅದು ನನ್ನ ನಾಲಿಗಿ. ನಿನಗ ಕೊಟ್ಟೀನಿ."

ತಂಗಿ ನೇರವಾಗಿ ಮಾಲೀಕರ ಬಳಿ ಹೋಗಿ ಇವತ್ತು ಇದನ್ನು ಬಡಿಸುವುದು ಬೇಡ ಎಂದಳು. ಅವರು ಏನೋ ಹೇಳಹೊರಟರು. ಅಷ್ಟರಲ್ಲಿ ಕಾಕಾ ಎದ್ದು ನಿಂತರು. "ಮಾ ಅಮ್ಮಾಯಿ ವದ್ದಂದಂಟೇ ವದ್ದು!" ನಮ್ಮ ಹುಡುಗಿ ಬೇಡವೆಂದರೆ ಬೇಡ ಅಷ್ಟೇ! ಪಬ್ಬೆಲ್ಲ ಕೇಳುವಂತೆ, ಭಜನಾ ಮಂಡಳಿಗೂ ಕೇಳುವಂತೆ ತೆಲುಗಿನಲ್ಲಿ ಹೇಳಿದರು. ಮಾಲೀಕರು ಕೈಮುಗಿದು ಒಪ್ಪಿದರು.

ಆಮೇಲೆ ಕಾಕಾ ತಾವಾಗಿಯೇ ಗಾಜಿನ ಗೋಡೆಯ ಹಿಂದೆ, ಆಳೆತ್ತರದ ಉಕ್ಕಿನ ಟ್ಯಾಂಕುಗಳಿದ್ದಲ್ಲಿಗೆ ನಡೆದರು. ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಮೊದಲನೆಯದರ ಮೇಲೆ ಅಂಗೈ ಇಟ್ಟರು.

"ಇಷ್ಟೂ ನೀ ಒಬ್ಬಾಕೀನ ನೋಡಕೋತೀಯೇನವ್ವ?"

"ಹೂಂರಿ ಅಪ್ಪಾ."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಕಾಕಾ ಮಗಳ ಕೈ ಹಿಡಿದುಕೊಂಡರು.

"ತಪ್ಪಾತವ್ವ. ಈಗ ಕೇಳಾಕತ್ತೀನಿ. ಇದರಾಗ ಏನೈತಿ, ಹೇಳು."

ತಂಗಿ ಹೇಳತೊಡಗಿದಳು.